ಚಳಿಗಾಲದ ಸಂತೆಗೆ ಬರಿಗೈಯಲ್ಲಿ ಹೋಗಬೇಡಿ: ಸ್ಟಟ್‌ಗಾರ್ಟ್ ಕಡೆಗೆ ಹೊರಟಿರುವವರಿಗೆ

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿದೆ. ಮೈಸೂರಿನ ತವರುಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಈ ಸಲದ ರಜೆಯಲ್ಲಿ ಮೈಸೂರಿನ ಎರಡು ಮನೆಯವರೂ ಮಂಡ್ಯದ ಒಂದು ಮನೆಯವರೂ ಎಳ್ಳು ಬೀರಲು ಬಂದಾಗ, ತಾವು ಮಕ್ಕಳೊಡನೆ ಜರ್ಮನಿಯ ಸ್ಟಟ್‌ಗಾರ್ಟ್ ಕಡೆಗೆ ಹೊರಟಿರುವುದಾಗಿ ತಿಳಿಸಿ, ಅಲ್ಲಿನ ಬದುಕಿನ ಬಗ್ಗೆ ವಿಚಾರಿಸಿದರು. ಎಲ್ಲರೂ ಕೇಳಿದ್ದು ಕಾಗದಪತ್ರ, ಬಾಡಿಗೆ, ತೊಗರಿಬೇಳೆಯ ವಿಷಯ. ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ, ಬ್ಯಾಂಕು, ವಿಮೆ ಅದರ ಹಿಂದೆಯೇ ನಡೆಯುತ್ತವೆ, ಬೇಳೆ ಸಿಗುತ್ತದೆ. ಡಿಸೆಂಬರಿನ ಶನಿವಾರ, ಭಾನುವಾರಗಳನ್ನು ಹೇಗೆ ಕಳೆಯಬೇಕೆಂದು ಮಾತ್ರ ಯಾರೂ ಕೇಳಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ನಾನೂ ಕೇಳಿರಲಿಲ್ಲ, ಹೇಳುವವರೂ ಇರಲಿಲ್ಲ. ಹಾಗಾಗಿ ಮೊದಲ ಮೂರು ಚಳಿಗಾಲಗಳನ್ನು ನಾವು ಕಿಟಕಿ ಮುಚ್ಚಿಕೊಂಡು, ಊರಿಗೆ ವಿಡಿಯೊ ಕರೆ ಮಾಡಿಕೊಂಡು ಕಳೆದುಬಿಟ್ಟೆವು.

ಆ ದಿನಗಳಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಭಾನುವಾರ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಊರೇ ಮಲಗಿದೆ ಎಂದು ನಾವು ತಿಳಿದಿದ್ದೆವು. ಆದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಡ್ವೆಂಟ್ ಕಾಲದಲ್ಲಿಯೇ ಅಲ್ಲಿನ ಜನರ ಕೈಗಳಿಗೆ ಅತಿ ಹೆಚ್ಚು ಕೆಲಸ. ನಗರದ ನಡುವೆ ಹಳೆಯ ಕೋಟೆ, ಶಿಲ್ಲರ್ ಚೌಕಗಳ ಸುತ್ತ ದೊಡ್ಡ ಸಂತೆ ನೆರೆಯುತ್ತದೆ. ಅದನ್ನು ಪ್ರವಾಸಿಗರೂ ನೋಡುತ್ತಾರೆ. ನೀವು ಹೋಗಬೇಕಾದದ್ದು ಅದಕ್ಕಿಂತ ಹೆಚ್ಚಾಗಿ ನಿಮ್ಮದೇ ಬಡಾವಣೆಯ ಶಾಲೆ, ಚರ್ಚು, ಸಂಘಗಳು ವಾರಾಂತ್ಯದಲ್ಲಿ ನಡೆಸುವ ಬಸಾರ್‌ಗೆ. ಹೆಣೆದ ಕಾಲುಚೀಲ, ಜೇನುಮೇಣದ ಬತ್ತಿ, ಒಣಹುಲ್ಲಿನ ನಕ್ಷತ್ರ, ಮನೆಯಲ್ಲಿ ಮಾಡಿದ ಹಣ್ಣಿನ ಪಾಕ ಎಲ್ಲವೂ ನೆರೆಹೊರೆಯವರ ಕೈಯಿಂದಲೇ ಬಂದಿರುತ್ತವೆ. ಚಿಲ್ಲರೆ ಹಣ ಇಟ್ಟುಕೊಳ್ಳಿ, ಎಷ್ಟೋ ಮೇಜುಗಳಲ್ಲಿ ಕಾರ್ಡು ನಡೆಯುವುದಿಲ್ಲ. ಬಿಸಿ ಪಾನೀಯದ ಪಿಂಗಾಣಿ ಬಟ್ಟಲಿಗೆ ಮುಂಗಡ ಹಿಡಿದಿರುತ್ತಾರೆ, ಹಿಂತಿರುಗಿಸಿದರೆ ಹಣ ವಾಪಸು ಬರುತ್ತದೆ. ಮಸಾಲೆ ಹಾಕಿ ಕಾಯಿಸಿದ ವೈನಾದ ಗ್ಲೂವೈನ್‌ನಲ್ಲಿ ಮದ್ಯವಿರುತ್ತದೆ, ಮಕ್ಕಳಿಗೆ ಮದ್ಯವಿಲ್ಲದ ಕಿಂಡರ್‌ಪುನ್ಷ್ ಎಂದೇ ಕೇಳಿ.

ನನ್ನ ಮೊದಲ ತಪ್ಪು ನಡೆದದ್ದು ಅದಕ್ಕೂ ಮುಂಚೆ, ನವೆಂಬರಿನಲ್ಲಿ. ನವೆಂಬರ್ 11 ಸೇಂಟ್ ಮಾರ್ಟಿನ್‌ನ ದಿನ; ಆ ಹೊತ್ತಿಗೆ ಮಕ್ಕಳು ಕಾಗದದ ಲಾಂದ್ರ ಹಿಡಿದು ಸಂಜೆ ಬೀದಿಯಲ್ಲಿ ಹಾಡುತ್ತಾ ಸಾಗುತ್ತಾರೆ. ಲಾಂದ್ರ ಮಾಡಲು ಒಂದು ಮಧ್ಯಾಹ್ನ ತಂದೆತಾಯಿಯರನ್ನು ಶಿಶುವಿಹಾರಕ್ಕೆ ಕರೆದಿದ್ದರು. ಚೀಟಿಯನ್ನು ಅರ್ಧ ಓದಿದ ನಾನು ಮಗಳನ್ನು ಬಾಗಿಲಲ್ಲಿ ಬಿಟ್ಟು ಬಂದೆ. ನಮ್ಮಲ್ಲಿ ಶಾಲೆಯ ಪ್ರಾಜೆಕ್ಟ್ ಎಂದರೆ ಹಿಂದಿನ ರಾತ್ರಿ ಸ್ಟೇಷನರಿ ಅಂಗಡಿಗೆ ಓಡುವ ಅಭ್ಯಾಸ ಎಷ್ಟು ಮನೆಗಳಲ್ಲಿದೆ ಎಂಬುದು ನಿಮಗೆ ಗೊತ್ತಿದೆ. ಅದೇ ಅಭ್ಯಾಸದಿಂದ ಮರುದಿನ ಅಂಗಡಿಯಿಂದ ಹೊಳೆಯುವ ಲಾಂದ್ರವೊಂದನ್ನು ಕೊಂಡು ಕೊಟ್ಟೆ. ಮೆರವಣಿಗೆಯಲ್ಲಿ ಉಳಿದ ಮಕ್ಕಳ ಲಾಂದ್ರಗಳ ಅಂಟು ಸುಕ್ಕಾಗಿತ್ತು, ಕತ್ತರಿಸಿದ ಅಂಚು ಸೊಟ್ಟಗಿತ್ತು, ಮತ್ತು ಪ್ರತಿಯೊಂದನ್ನೂ ಅಪ್ಪನೋ ಅಮ್ಮನೋ ಮಗುವಿನ ಪಕ್ಕದಲ್ಲಿ ಕುಳಿತು ಅಂಟಿಸಿದ್ದರು. ನನ್ನ ಮಗಳು ತನ್ನದನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ನಡೆದಳು. ಅವಳಿಗೆ ಈಗ ಹದಿನೇಳು. ಅವಳು ಮರೆತಿರಬಹುದು, ನಾನು ಮರೆತಿಲ್ಲ.

ಎರಡನೆಯದು ಎಳ್ಳುಬೆಲ್ಲದ ವಿಷಯ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮರುವರ್ಷ ಶಾಲೆಯೊಂದರ ಬಸಾರ್‌ಗೆ ನಾನೂ ಏನಾದರೂ ಕೊಡಬೇಕೆಂದು, ಎರಡು ರಾತ್ರಿ ಕುಳಿತು ಬೆಲ್ಲ, ಕೊಬ್ಬರಿಗಳನ್ನು ಸಣ್ಣಗೆ ಹೆಚ್ಚಿ, ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ ಬೆರೆಸಿ ಐವತ್ತು ಪೊಟ್ಟಣ ಕಟ್ಟಿದೆ. ಮೇಲೆ ಕನ್ನಡದಲ್ಲಿಯೂ ಜರ್ಮನ್‌ನಲ್ಲಿಯೂ ಒಳ್ಳೆಯ ಮಾತನಾಡಿ ಎಂದು ಬರೆದೆ, ಒಳಗೇನಿದೆ ಎಂದು ಬರೆಯಲಿಲ್ಲ. ಅಲರ್ಜಿಯಿದ್ದ ಮಗುವೊಂದು ಪೊಟ್ಟಣ ಬಿಚ್ಚಿ ಕೈಗೆ ಸುರಿದುಕೊಂಡಿತ್ತು. ಅದರ ತಾಯಿ ಓಡಿಬಂದು ಕೈ ಝಾಡಿಸಿದರು. ಮಗು ತಿಂದಿರಲಿಲ್ಲ. ಶಿಕ್ಷಕಿ ಏನೂ ಹೇಳದೆ ಎಲ್ಲ ಪೊಟ್ಟಣಗಳನ್ನೂ ಮೇಜಿನಿಂದ ತೆಗೆದರು. ನಮ್ಮ ತಿನಿಸನ್ನು ತಿರಸ್ಕರಿಸಿದರೆಂಬ ಸಿಟ್ಟಿನಿಂದ ಆ ದಿನ ಅತ್ತುಕೊಂಡೇ ಮನೆಗೆ ಬಂದೆ, ವಾರಗಟ್ಟಲೆ ಆ ಸಿಟ್ಟನ್ನು ಕಾಪಾಡಿಕೊಂಡೆ. ಐರೋಪ್ಯ ಒಕ್ಕೂಟದಲ್ಲಿ ಹೆಸರಿಸಿ ತಿಳಿಸಲೇಬೇಕಾದ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿ ಎಳ್ಳೂ ಇದೆ, ಕಡಲೆಕಾಯಿಯೂ ಇದೆ ಎಂದು ತಿಳಿದಾಗ ಸಿಟ್ಟು ಹೋಗಿ ಭಯ ಬಂತು. ನಾನು ಪ್ರೀತಿಯಿಂದ ಕಟ್ಟಿದ್ದ ಪೊಟ್ಟಣದಿಂದ ಒಂದು ಮಗುವಿನ ಉಸಿರು ಕಟ್ಟಬಹುದಿತ್ತು. ಆದ್ದರಿಂದ ಗೋಧಿ, ಹಾಲು, ಗೋಡಂಬಿ, ಸಾಸಿವೆ ಸೇರಿದಂತೆ ಹಾಕಿದ್ದೆಲ್ಲವನ್ನೂ ಜರ್ಮನ್‌ನಲ್ಲಿ ದೊಡ್ಡದಾಗಿ ಬರೆಯಿರಿ; ಶಾಲೆಗೆ ಕಡಲೆಕಾಯಿ ತರಬಹುದೇ ಎಂದು ಮೊದಲೇ ಕೇಳಿ.

ಅದೇ ಚಳಿಗಾಲದಲ್ಲಿ, ಸಂತೆಯ ಒಂದು ಮೂಲೆಯಲ್ಲಿ ಮರದ ಅಚ್ಚುಗಳನ್ನು ಮಾರುತ್ತಿದ್ದ ಹಿರಿಯರೊಬ್ಬರನ್ನು ಕಂಡೆ. ಸ್ಟಟ್‌ಗಾರ್ಟ್ ಸೇರಿರುವ ಸ್ವಾಬಿಯಾ ಸೀಮೆಯ ಶ್ಪ್ರಿಂಗರ್ಲೆ ಎಂಬ ಬಿಸ್ಕತ್ತಿಗೆ ಬಳಸುವ ಅಚ್ಚುಗಳವು. ಪಿಯರ್ ಹಣ್ಣಿನ ಮರದಲ್ಲಿ ಹಕ್ಕಿ, ಹೂ, ಕುದುರೆ ಸವಾರರನ್ನು ತಗ್ಗಾಗಿ ಕೊರೆದಿರುತ್ತಾರೆ. ಹಿಟ್ಟಿನ ಮೇಲೆ ಒತ್ತಿ, ಚಿತ್ರ ಅಳಿಯದಂತೆ ರಾತ್ರಿಯಿಡೀ ಆರಲು ಬಿಟ್ಟು, ಮರುದಿನ ಹದವಾದ ಕಾವಿನಲ್ಲಿ ಬೇಯಿಸುತ್ತಾರೆ. ಒಂದು ಗಿಳಿಯಂಥ ಹಕ್ಕಿಯನ್ನು ನೋಡಿದೊಡನೆ ನಮ್ಮ ಸಕ್ಕರೆ ಅಚ್ಚಿನ ಗಿಳಿ ನೆನಪಾಗಿ ಗಂಟಲು ಕಟ್ಟಿತು, ಆದರೆ ಬಾಯಿಂದ ಬಂದದ್ದು ದೇವರಾಜ ಮಾರುಕಟ್ಟೆಯ ಮಾತು: ಎಷ್ಟಕ್ಕೆ ಕೊಡುತ್ತೀರಿ, ಕಡಿಮೆ ಮಾಡಿ. ಅವರು ಅಚ್ಚನ್ನು ದೀಪಕ್ಕೆ ಹಿಡಿದು ರೆಕ್ಕೆಯ ಒಂದೊಂದು ಗೆರೆಯನ್ನೂ ತೋರಿಸಿ, ಇದು ಮೂರು ದಿನದ ಕೆಲಸ ಎಂದಷ್ಟೇ ಹೇಳಿದರು. ಅಲ್ಲಿ ಬರೆದ ಬೆಲೆಯೇ ಬೆಲೆ, ಚೌಕಾಸಿ ಮಾಡಿದರೆ ಕೆಲಸವನ್ನೇ ಹಳಿದಂತೆ. ಅದಕ್ಕಿಂತಲೂ ನನ್ನನ್ನು ಕಾಡಿದ್ದು ಬೇರೆ. ಪಕ್ಕದ ಮಳಿಗೆಯಲ್ಲಿ ಪೂರ್ವ ಜರ್ಮನಿಯ ಏರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯ ಗೊಂಬೆಗಳಿದ್ದವು. ಗಣಿಗಳು ಬರಿದಾದಾಗ ಅಲ್ಲಿನ ಗಣಿಗಾರರು ಮರ ಕಡೆಯುವ ಕೆಲಸಕ್ಕೆ ತಿರುಗಿದ ಕಥೆಯನ್ನು ಮಳಿಗೆಯಾಕೆ ಹೇಳಿದರು. ನಮ್ಮಲ್ಲಿಯೂ ಹೀಗೆ ಗೊಂಬೆ ಮಾಡುತ್ತಾರಾ, ಬಣ್ಣ ಹೇಗೆ ಹಾಕುತ್ತಾರೆ ಎಂದು ಮಗಳು ಕೇಳಿದಳು. ಮಂಡ್ಯದ ಅಜ್ಜಿಯ ಮನೆಯಿಂದ ಬೆಂಗಳೂರಿಗೆ ನೂರಾರು ಸಲ ಚನ್ನಪಟ್ಟಣ ಹಾದುಹೋಗಿದ್ದ ನಾನು ಒಮ್ಮೆಯೂ ಬಸ್ಸಿಳಿದು ಲೇತಿನ ಮುಂದೆ ನಿಂತವಳಲ್ಲ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ ಎಂಬುದನ್ನು ನಲವತ್ತು ದಾಟಿದ ಮೇಲೆ ಕಲಿತೆ. ನೀವು ಹೊರಡುವ ಮುನ್ನ ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಸೂಟ್‌ಕೇಸಿನಲ್ಲಿ ಗೊಂಬೆ ಹೆಚ್ಚು ಇರುವುದಕ್ಕಿಂತ, ಅದು ಹುಟ್ಟುವುದನ್ನು ಅವರು ಕಂಡಿರುವುದು ಮುಖ್ಯ.

ನನಗೆ ಅತ್ಯಂತ ನೋವು ಕೊಟ್ಟ ತಪ್ಪನ್ನೂ ಹೇಳುತ್ತೇನೆ. ಅಜ್ಜಿಯ ಕಾಲದ ಎರಡು ಜೋಡಿ ಸಕ್ಕರೆ ಅಚ್ಚುಗಳನ್ನು ಅಮ್ಮ ನನಗೆ ಕೊಟ್ಟಿದ್ದರು. ರೀತಿಯಂತೆ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಪಾಕ ಹೊಯ್ದು, ಗಿಳಿಯನ್ನೂ ಆನೆಯನ್ನೂ ಬಿಡಿಸಿ, ತೊಳೆದು, ಬೇಗ ಒಣಗಲೆಂದು ಗೋಡೆಯ ಹೀಟರಿನ ಮೇಲಿಟ್ಟು ಮಲಗಿದೆ. ಮೈಸೂರಿನ ಅಡುಗೆಮನೆಯ ನೆರಳಿನಲ್ಲಿ ನಿಧಾನವಾಗಿ ಆರುತ್ತಿದ್ದ ಮರ ಅದು. ಚಳಿಗಾಲದಲ್ಲಿ ಕಾಯಿಸಿದ ಮನೆಯ ಗಾಳಿಯೇ ಒಣಗಿರುತ್ತದೆ. ಅದರ ಮೇಲೆ ಹೀಟರಿನ ಕಾವು ತಗುಲಿ ಮೇಲ್ಮೈ ಒಳಗಿಗಿಂತ ಮೊದಲೇ ಕುಗ್ಗಿ, ಬೆಳಗಾಗುವಷ್ಟರಲ್ಲಿ ಗಿಳಿಯ ಅಚ್ಚು ಕೊರಳಿನಿಂದ ಬಾಲದವರೆಗೆ ಸೀಳಿತ್ತು. ಫೋನಿನಲ್ಲಿ ಅಮ್ಮ, ಹೋಗಲಿ ಬಿಡು, ಈಗ ಅಂಗಡಿಯಲ್ಲೇ ತರುತ್ತೇವೆ ಎಂದರು. ಆ ಮಾತು ಅಚ್ಚು ಸೀಳಿದ್ದಕ್ಕಿಂತ ಹೆಚ್ಚು ನೋಯಿಸಿತು.

ಊರೂರಿನಲ್ಲಿಯೂ ಫೋಲ್ಕ್‌ಹೋಖ್‌ಶೂಲೆ ಎಂಬ ಜನಶಿಕ್ಷಣ ಕೇಂದ್ರಗಳಿವೆ. ನಾನು ಅಲ್ಲಿನ ವಾರಾಂತ್ಯದ ಮರಗೆತ್ತನೆ ತರಗತಿಗೆ ಸೇರಿ, ಸೀಳಿದ ಅಚ್ಚನ್ನು ಮುಂದಿಟ್ಟುಕೊಂಡು ಲಿಂಡನ್ ಮರದಲ್ಲಿ ಅದರ ಪ್ರತಿ ಕೊರೆಯುತ್ತಿದ್ದೇನೆ. ಇನ್ನೂ ಕೊಕ್ಕು ಸರಿಯಾಗಿಲ್ಲ. ನಮ್ಮ ಕನ್ನಡಿಗರ ಕೂಟಗಳ ಮೇಲೆ ನನಗೊಂದು ಆಕ್ಷೇಪವಿದೆ: ಸಭಾಂಗಣ ಹಿಡಿದು, ಮಕ್ಕಳನ್ನು ಕುಣಿಸಿ, ಊಟ ತರಿಸಿ ಮನೆಗೆ ಹೋಗುತ್ತೇವೆ, ಅಲ್ಲಿ ಯಾರ ಕೈಯೂ ಏನನ್ನೂ ಮಾಡುವುದಿಲ್ಲ. ಕಳೆದ ವರ್ಷದಿಂದ ನಾವು ನಾಲ್ಕು ಮನೆಯವರು ಸೇರಿ, ಜನವರಿಯ ಒಂದು ಶನಿವಾರ ಮಕ್ಕಳಿಂದಲೇ ಅಚ್ಚು ಹಾಕಿಸುತ್ತಿದ್ದೇವೆ. ಅಕ್ಕಪಕ್ಕದ ಜರ್ಮನ್ ಮನೆಯವರು ತಮ್ಮ ಬಿಸ್ಕತ್ತಿನ ಅಚ್ಚು ತರುತ್ತಾರೆ.

ಹೊರಡುವಾಗ ಎರಡು ಜೋಡಿ ಅಚ್ಚನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ತನ್ನಿ, ಹೀಟರಿನಿಂದ ದೂರವಿಡಿ. ಹಾಲಿನ ಪದಾರ್ಥ ಒಯ್ಯುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ ಬಿಡಿ. ಸಾಮಾನನ್ನು ಶನಿವಾರವೇ ಕೊಂಡು ಮುಗಿಸಿ, ಭಾನುವಾರ ಮನೆಯಲ್ಲಿ ಸುತ್ತಿಗೆ ಬಡಿಯಬೇಡಿ. ಹೊರಗೆ ಮೇಜಿನ ಹಿಂದೆ ನಿಲ್ಲುವಾಗ ರೇಷ್ಮೆ ಸೀರೆಯೊಳಗೆ ಉಣ್ಣೆಯ ಒಳ ಉಡುಪಿರಲಿ, ಕಾಲ ಕೆಳಗೆ ಒಂದು ಹಲಗೆಯಿರಲಿ, ಏಕೆಂದರೆ ಚಳಿ ನೆಲದಿಂದ ಏರುತ್ತದೆ. ಶಾಲೆಯ ಬಾಗಿಲಲ್ಲಿ ಬಸಾರ್‌ನ ಪಟ್ಟಿ ಅಂಟಿಸಿದ ದಿನವೇ ಹೆಸರು ಬರೆಯಿರಿ. ಕೇಕು ತರುವುದು, ಮಾರಲು ನಿಲ್ಲುವುದು ಬೇಗ ತುಂಬಿಹೋಗುತ್ತವೆ, ಪಾತ್ರೆ ತೊಳೆಯುವ ಸರದಿ ಉಳಿದಿರುತ್ತದೆ. ಅದನ್ನು ಹಿಡಿಯಿರಿ, ಬಿಸಿನೀರಿನ ತೊಟ್ಟಿಯ ಮುಂದೆ ಇಬ್ಬರು ಮೂವರು ಗಂಟೆಗಟ್ಟಲೆ ನಿಂತಿರುತ್ತಾರೆ, ನಾನು ಜರ್ಮನ್ ಮಾತು ಕಲಿತದ್ದು ಅಲ್ಲಿಯೇ.