ನಾಕ್ ಸೆನ್ಸರ್ ಕೋಡ್ ಬಂದಾಗ ನಾನು ಮೊದಲು ಅಳೆಯುವುದು ವೋಲ್ಟೇಜನ್ನು

ಪಿ0325, ಪಿ0327, ಪಿ0328 ಇವುಗಳಲ್ಲಿ ಯಾವ ದೋಷದ ಕೋಡ್ ಸ್ಕ್ಯಾನರ್‌ನಲ್ಲಿ ಕಾಣಿಸಿಕೊಂಡರೂ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಆಗುವುದು ಒಂದೇ: ನಾಕ್ ಸೆನ್ಸರ್ (ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಬರುವ ಬಡಿತವನ್ನು, ಎಂದರೆ ನಾಕಿಂಗನ್ನು, ಗುರುತಿಸುವ ಸೆನ್ಸರ್) ಹೋಗಿದೆ ಎಂದು ತೀರ್ಮಾನಿಸಿ ಹೊಸದನ್ನು ತರಿಸುವುದು. ಆದರೆ ಈ ಕೋಡುಗಳು ದೂರುತ್ತಿರುವುದು ಸರ್ಕ್ಯೂಟನ್ನು. ಇಸಿಎಂನಿಂದ, ಎಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನಿಂದ, ಹೊರಡುವ ವೈರು, ಅದನ್ನು ಸುತ್ತುವರಿದ ಲೋಹದ ಹೆಣಿಗೆಯ ಶೀಲ್ಡ್, ಕಪ್ಲರ್, ಅದರೊಳಗಿನ ಪಿನ್ನುಗಳು, ಕೊನೆಗೆ ಸೆನ್ಸರ್, ಇಷ್ಟೂ ಸೇರಿ ಆ ಸರ್ಕ್ಯೂಟ್ ಆಗುತ್ತದೆ. ಶಿವಮೊಗ್ಗದಲ್ಲಿ ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡಿರುವ ನನ್ನ ಅನುಭವದಲ್ಲಿ, ಅದರಲ್ಲೂ ಮಲೆನಾಡಿನ ಮಳೆಯಲ್ಲಿ ನೆನೆದು ಬರುವ ಗಾಡಿಗಳಲ್ಲಿ, ಸೆನ್ಸರಿಗಿಂತ ವೈರಿಂಗೇ ಹೆಚ್ಚು ಸಲ ಕೈಕೊಟ್ಟಿದೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಟೊಯೊಟಾ ಕೊರೊಲಾ ಆಲ್ಟಿಸ್, 1.8 ಲೀಟರಿನ ಪೆಟ್ರೋಲ್ ಗಾಡಿ, ನನ್ನ ಬಳಿಗೆ ಬಂದಿತು. ಮಳೆ ಜೋರಾಗಿದ್ದ ದಿನ ಇಂಜಿನ್ ಲೈಟ್ ಹತ್ತಿಕೊಂಡು ಪಿಕಪ್ ಇಳಿಯುತ್ತದೆ, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲೂ ಎಳೆಯುವುದಿಲ್ಲ, ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುತ್ತದೆ ಎಂಬುದು ಅವರ ದೂರು. ಬೇರೆಡೆ ಸೆನ್ಸರನ್ನು ಬದಲಾಯಿಸಿಯೂ ಆಗಿತ್ತು. ಬಿಸಿಲಿದ್ದಷ್ಟು ದಿನ ಸುಮ್ಮನಿದ್ದ ಲೈಟ್ ಮಳೆಯೊಂದಿಗೆ ಮರಳಿ ಬಂದಿತ್ತು. "ಎಲ್ಲಾ ಈ ಎಥೆನಾಲ್ ಪೆಟ್ರೋಲಿಂದಲೇ ಅಂತಾರಲ್ಲ ಸಾರ್?" ಎಂದು ಅವರು ಕೇಳಿದರು. ಎಥೆನಾಲ್ ಬೆರೆತರೆ ಪೆಟ್ರೋಲಿನ ಆಕ್ಟೇನ್ ಏರುತ್ತದೆಯೇ ಹೊರತು ಇಳಿಯುವುದಿಲ್ಲವಾದ್ದರಿಂದ, ಬೇರೆ ವಿಷಯಗಳಲ್ಲಿ ಅದನ್ನು ದೂರಬಹುದಾದರೂ ನಾಕಿಂಗ್ ವಿಷಯದಲ್ಲಿ ದೂರುವುದು ನ್ಯಾಯವಲ್ಲ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಎಂಬ ಮಾತೇ ನನಗೆ ಮುಖ್ಯವಾಗಿ ಕಂಡಿತು. ಈ ಸರ್ಕ್ಯೂಟಿನಲ್ಲಿ ದೋಷ ಕಂಡ ಕೂಡಲೇ ಇಸಿಎಂ, ಎಂಜಿನ್ ಉಳಿದರೆ ಸಾಕೆಂದು, ಇಗ್ನಿಷನ್ ಟೈಮಿಂಗನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿ, ಎಂದರೆ ಪ್ಲಗ್ಗಿನ ಕಿಡಿಯನ್ನು ತಡವಾಗಿಸಿ, ಕೀ ಆಫ್ ಆಗುವವರೆಗೂ ಅಲ್ಲಿಯೇ ಇರಿಸುತ್ತದೆ. ಪಿಕಪ್ ಮತ್ತು ಮೈಲೇಜ್ ಎರಡೂ ಬೀಳುವುದು ಇದರಿಂದಲೇ. ಸ್ಕ್ಯಾನರ್ ಹಾಕಿದಾಗ ಸಿಕ್ಕಿದ್ದು ಪಿ0327, ಎಂದರೆ ಸಿಗ್ನಲ್ ವೋಲ್ಟೇಜ್ ತೀರಾ ಕಡಿಮೆ.

ಮುಂದಿನ ಪರೀಕ್ಷೆ ಅರ್ಥವಾಗಬೇಕಾದರೆ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ನಾಕ್ ಸೆನ್ಸರ್ ಎಂದರೆ ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ಪೀಜೋ ಸೆರಾಮಿಕ್ ಬಿಲ್ಲೆ. ಬ್ಲಾಕ್ ಕಂಪಿಸಿದಂತೆ ಅದು ಸಣ್ಣ ಎಸಿ ವೋಲ್ಟೇಜನ್ನು ಹುಟ್ಟಿಸುತ್ತದೆ. ಸಿಲಿಂಡರಿನ ವ್ಯಾಸ 80 ಮಿಲಿಮೀಟರಿನ ಆಸುಪಾಸಿನಲ್ಲಿರುವ ಎಂಜಿನ್ನುಗಳಲ್ಲಿ ನಾಕಿಂಗ್ ಸದ್ದು ಹೆಚ್ಚುಕಡಿಮೆ 7 ಕಿಲೋಹರ್ಟ್ಜ್‌ನಲ್ಲಿರುತ್ತದೆ, ಇಸಿಎಂ ಹುಡುಕುವುದು ಆ ಕಂಪನವನ್ನು. ಟೊಯೊಟಾದ ಈ ಬಗೆಯ ಚಪ್ಪಟೆ ಸೆನ್ಸರುಗಳಲ್ಲಿ ಸೆರಾಮಿಕ್ಕಿಗೆ ಸಮಾನಾಂತರವಾಗಿ ಸುಮಾರು 200 ಕಿಲೋ ಓಮ್‌ನ ರೆಸಿಸ್ಟರ್ ಇರುತ್ತದೆ. 20 ಡಿಗ್ರಿಯಲ್ಲಿ 120ರಿಂದ 280 ಕಿಲೋ ಓಮ್‌ವರೆಗೆ ತೋರಿಸಿದರೆ ಅದು ಸರಿಯಾಗಿದೆ ಎಂದೇ ಅರ್ಥ. ಇಸಿಎಂ ತನ್ನೊಳಗಿನ ಅಷ್ಟೇ ದೊಡ್ಡ ಇನ್ನೊಂದು ರೆಸಿಸ್ಟರಿನ ಮೂಲಕ 5 ವೋಲ್ಟ್ ಕೊಡುತ್ತದೆ. ಎರಡೂ ಸಮವಾದ್ದರಿಂದ ಕೀ ಆನ್ ಮಾಡಿ ಎಂಜಿನ್ ನಿಂತಿರುವಾಗ ಸಿಗ್ನಲ್ ವೈರಿನಲ್ಲಿ ಸುಮಾರು 2.5 ವೋಲ್ಟ್ ಇರಬೇಕು. ವೈರು ತುಂಡಾದರೆ ಅದು 5ರತ್ತ ಏರುತ್ತದೆ, 4.5 ದಾಟಿದರೆ ಪಿ0328. ಅರ್ತಿಗೆ ತಾಗಿದರೆ ಸೊನ್ನೆಯತ್ತ ಇಳಿಯುತ್ತದೆ, 0.5ಕ್ಕಿಂತ ಕೆಳಗಾದರೆ ಪಿ0327. ಎಂದರೆ ಯಾವ ಕೋಡ್ ಬಂದಿದೆ ಎಂಬುದೇ ತುಂಡಾಗಿರುವುದನ್ನು ಹುಡುಕಬೇಕೋ ಅರ್ತಿಗೆ ಆಗುತ್ತಿರುವ ಕರೆಂಟಿನ ಸೋರಿಕೆಯನ್ನು ಹುಡುಕಬೇಕೋ ಎಂಬುದನ್ನು ಹೇಳಿಬಿಡುತ್ತದೆ.

ಸೋರಿಕೆ ಎಂದಾಗ ಬಹಳ ಜನ ಮೀಟರಿನ ಬೀಪ್ ಸದ್ದಿಗಾಗಿ ಕಾಯುತ್ತಾರೆ. ಈ ಸರ್ಕ್ಯೂಟಿನಲ್ಲಿ ಅದರಿಂದ ಉಪಯೋಗವಿಲ್ಲ. ಲಕ್ಷಗಟ್ಟಲೆ ಓಮ್‌ಗಳ ನಡುವೆ ಕೆಲಸ ಮಾಡುವ ವೈರಿಗೆ ಕೇವಲ 20 ಕಿಲೋ ಓಮ್‌ನ ಸೋರಿಕೆ ಸೇರಿಕೊಂಡರೂ ಲೆಕ್ಕದ ಪ್ರಕಾರ ವೋಲ್ಟೇಜ್ 0.42ಕ್ಕೆ ಇಳಿದು ಕೋಡ್ ಬರುತ್ತದೆ. ಆದರೆ ಬೀಪರ್ ಕೂಗುವುದು ಕೆಲವೇ ಹತ್ತು ಓಮ್‌ಗಳೊಳಗೆ. ಹಾಗಾಗಿ "ಶಾರ್ಟ್ ಇಲ್ಲ, ವೈರಿಂಗ್ ಓಕೆ" ಎಂಬ ತೀರ್ಮಾನ ಇಲ್ಲಿ ನಂಬುವಂಥದ್ದಲ್ಲ. ಮೀಟರನ್ನೂ ನೋಡಿಕೊಳ್ಳಬೇಕು. 10 ಮೆಗಾ ಓಮ್ ಇನ್‌ಪುಟ್ ಇರುವ ಡಿಜಿಟಲ್ ಮೀಟರ್ ಸರಿಯಾದ ಅಳತೆ ಕೊಡುತ್ತದೆ. ಹಳೆಯ ಮುಳ್ಳಿನ ಮೀಟರು ತಾನೇ ಕರೆಂಟು ಎಳೆದುಕೊಂಡು, 2.5 ಇರುವ ಕಡೆ 1.7ರ ಹತ್ತಿರ ತೋರಿಸಿ ಇಲ್ಲದ ದೋಷವನ್ನು ಹುಟ್ಟುಹಾಕುತ್ತದೆ. ಟೆಸ್ಟ್ ಲ್ಯಾಂಪನ್ನಂತೂ ಈ ವೈರಿನ ಹತ್ತಿರ ತರಲೇಬಾರದು.

ಈ ಗಾಡಿಯಲ್ಲಿ ನಾನು ಇಸಿಎಂ ಕಪ್ಲರನ್ನು ಬಿಚ್ಚದೆ, ಹಿಂಬದಿಯಿಂದ ತೆಳ್ಳನೆಯ ಪಿನ್ ತೂರಿಸಿ ಅಳೆದೆ. ಶೆಡ್ಡಿನೊಳಗೆ ರಾತ್ರಿಯಿಡೀ ನಿಂತು ಒಣಗಿದ್ದ ಗಾಡಿ 2.4 ವೋಲ್ಟ್ ತೋರಿಸಿತು, ಅಲ್ಲಿಗೆ ದೋಷವೇ ಇಲ್ಲವೆಂದಾಯಿತು. ಸಹಾಯಕನಿಗೆ ಗಿಡಗಳಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಕೊಟ್ಟು, ಹಾರ್ನೆಸ್ಸಿನ ದಾರಿಯಲ್ಲೇ ಸ್ವಲ್ಪ ಸ್ವಲ್ಪವಾಗಿ ನೀರು ಹಾಕುತ್ತಾ ಬರುವಂತೆ ಹೇಳಿ, ನಾನು ಮೀಟರ್ ನೋಡುತ್ತಾ ಕುಳಿತೆ. ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ನೀರು ಇಳಿದ ಕೆಲವು ಕ್ಷಣಗಳಲ್ಲಿ ಅಂಕಿ ಜಾರತೊಡಗಿ, 1ಕ್ಕಿಂತ ಕೆಳಗಿಳಿದು, 0.4ರ ಬಳಿ ನಿಂತಿತು. ಆಗ ಸೆನ್ಸರಿನ ಕಪ್ಲರನ್ನು ಕಳಚಿಸಿದೆ. ವೈರು ಚೆನ್ನಾಗಿದ್ದಿದ್ದರೆ ವೋಲ್ಟೇಜ್ 5ಕ್ಕೆ ಏರಬೇಕಿತ್ತು. ಅದು ಅರ್ಧ ವೋಲ್ಟನ್ನೂ ದಾಟಲಿಲ್ಲ. ಸೆನ್ಸರ್ ನಿರ್ದೋಷಿ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಬ್ಯಾಟರಿ ತೆಗೆದು, ಇಸಿಎಂ ಕಪ್ಲರನ್ನೂ ಬಿಚ್ಚಿ, ಸಿಗ್ನಲ್ ವೈರು ಮತ್ತು ಶೀಲ್ಡಿನ ನಡುವೆ ಅಳೆದಾಗ ಸುಮಾರು 20 ಕಿಲೋ ಓಮ್ ಬಂದಿತು. ಹೇರ್ ಡ್ರೈಯರಿನಿಂದ ಬಿಸಿಗಾಳಿ ಬಿಡುತ್ತಿದ್ದಂತೆ ಆ ಅಂಕಿ ಏರುತ್ತಾ ಹೋಗಿ ಮೀಟರಿನ ಮಿತಿಯನ್ನೇ ದಾಟಿತು.

ಮ್ಯಾನಿಫೋಲ್ಡನ್ನು ಇಳಿಸಿದ ಮೇಲೆ ಎಲ್ಲವೂ ಕಣ್ಣಿಗೆ ಬಿದ್ದಿತು. ಕ್ಲಿಪ್ಪಿನ ಪಕ್ಕದಲ್ಲಿ ಇಲಿ ಕೇಬಲಿನ ಹೊರ ಪದರವನ್ನು ಕಡಿದು ಬಿಟ್ಟಿತ್ತು. ವೈರು ತುಂಡಾಗಿರಲಿಲ್ಲ, ಒಳಗಿನ ಇನ್ಸುಲೇಷನ್ ಮೇಲೆ ಹಲ್ಲಿನ ಗುರುತುಗಳಷ್ಟೇ ಇದ್ದವು. ಶೀಲ್ಡಿನ ಹೆಣಿಗೆ ಬಿಡಿಸಿಕೊಂಡು ಹಸಿರು ಕಿಲುಬು ಹಿಡಿದಿತ್ತು, ಆ ಕಿಲುಬಿನ ಪುಡಿಯೂ ಕೆಸರೂ ಹಲ್ಲಿನ ಗುರುತುಗಳೊಳಗೆ ಕೂತಿದ್ದವು, ಪಕ್ಕದಲ್ಲೇ ಅಡಿಕೆ ಸಿಪ್ಪೆಯ ನಾರಿನ ಗೂಡೂ ಇತ್ತು. ಒಣಗಿದ್ದಾಗ ಆ ಪುಡಿಯಿಂದ ತೊಂದರೆಯಿಲ್ಲ, ತೇವ ತಾಗಿದಾಗ ಮಾತ್ರ ಅದರಲ್ಲಿ ಕರೆಂಟು ಹರಿಯುತ್ತದೆ.

ದುರಸ್ತಿಯಲ್ಲಿ ನಾನು ರಾಜಿಯಾಗದ ವಿಷಯವೊಂದಿದೆ: ಈ ಜಾಗಕ್ಕೆ ಸಾಮಾನ್ಯ ವೈರನ್ನು ಹಾಕುವುದಿಲ್ಲ. ಶೀಲ್ಡ್ ಇಲ್ಲದ ವೈರು ಹಾಕಿದರೆ ಲೈಟ್ ಆರುತ್ತದೆ, ಗಿರಾಕಿಗೆ ಸಂತೋಷವೂ ಆಗುತ್ತದೆ. ಆದರೆ ಇಗ್ನಿಷನ್ ಕಾಯಿಲಿನ ಸಿಡಿತ ಸಿಗ್ನಲಿನೊಳಗೆ ನುಸುಳಿ, ಇಸಿಎಂ ಅದನ್ನೇ ನಾಕಿಂಗ್ ಎಂದು ತಿಳಿದು ಟೈಮಿಂಗನ್ನು ವಿನಾಕಾರಣ ಹಿಂದಕ್ಕೆ ಎಳೆಯುತ್ತಿರುತ್ತದೆ. ಹಾಳಾದ ಉದ್ದವನ್ನು ಕತ್ತರಿಸಿ ಎರಡು ಎಳೆಯ ಶೀಲ್ಡೆಡ್ ಕೇಬಲ್ ಸೇರಿಸಿ, ಜಾಯಿಂಟುಗಳು ಅಕ್ಕಪಕ್ಕ ಬರದಂತೆ ಹಿಂದುಮುಂದು ಮಾಡಿ ಬೆಸುಗೆ ಹಾಕಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ತೊಡಿಸಿದೆ. ಶೀಲ್ಡನ್ನು ಹಳೆಯ ಶೀಲ್ಡಿಗೆ ಜೋಡಿಸಿದೆನೇ ಹೊರತು ಎಂಜಿನ್ ಕಡೆಯಲ್ಲಿ ಅರ್ತ್ ಕೊಡಲಿಲ್ಲ. ಅದರ ಅರ್ತ್ ಇಸಿಎಂ ಕಡೆಯ ಒಂದೇ ತುದಿಯಲ್ಲಿರಬೇಕು.

ಸೆನ್ಸರನ್ನು ಬಿಚ್ಚಿ ನೋಡಿದಾಗ ಇನ್ನೊಂದು ವಿಷಯ ಕಂಡಿತು. ಹಿಂದೆ ಹಾಕಿದವರು ಸೆನ್ಸರಿಗೂ ಬ್ಲಾಕಿಗೂ ನಡುವೆ ಸ್ಪ್ರಿಂಗ್ ವಾಷರ್ ಇಟ್ಟಿದ್ದರು. ಬೋಲ್ಟ್ ಸಡಿಲವಾಗದಿರಲಿ ಎಂಬ ಒಳ್ಳೆಯ ಉದ್ದೇಶ ಇದ್ದಿರಬಹುದು, ಆದರೆ ಈ ಸೆನ್ಸರ್ ಕೇಳಿಸಿಕೊಳ್ಳುವುದೇ ಲೋಹಕ್ಕೆ ಲೋಹ ಪೂರ್ತಿ ಕೂತ ಮೇಲ್ಮೈಯಿಂದ. ವಾಷರ್ ತೆಗೆದು, ಬ್ಲಾಕಿನ ಮೇಲ್ಮೈಯನ್ನು ಒರೆಸಿ, ಟಾರ್ಕ್ ರೆಂಚಿನಲ್ಲಿ 20 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಕೈಯಂದಾಜು ಇಲ್ಲಿ ಸಲ್ಲದು, ಏಕೆಂದರೆ ಬಿಗಿತ ಕಡಿಮೆಯಾದರೆ ಸಿಗ್ನಲ್ ಸೊರಗುತ್ತದೆ, ಅತಿಯಾದರೆ ಸೆರಾಮಿಕ್ ಬಿರುಕು ಬಿಡಬಹುದು.

ಎಲ್ಲವನ್ನೂ ಜೋಡಿಸಿದ ಮೇಲೆ ಅದೇ ಸ್ಪ್ರೇ ಬಾಟಲಿಯಿಂದ ಅದೇ ಜಾಗಕ್ಕೆ ಧಾರಾಳವಾಗಿ ನೀರು ಹಾಕಿಸಿದೆ, ಅಂಕಿ 2.4ರಿಂದ ಕದಲಲಿಲ್ಲ. ಎಂಜಿನ್ ಬಿಸಿಯಾದ ಬಳಿಕ ಎಸಿ ಹಾಕಿ ರೇಸ್ ಕೊಟ್ಟಾಗ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ನಾಕ್ ಫೀಡ್‌ಬ್ಯಾಕ್ ಅಂಕಿ ಏರಿಳಿಯುತ್ತಿತ್ತು, ಎಂದರೆ ಇಸಿಎಂ ಮತ್ತೆ ಸೆನ್ಸರಿನ ಮಾತನ್ನು ಆಲಿಸತೊಡಗಿತ್ತು.

ಇಲ್ಲಿ ಹೇಳಿದ 2.5 ವೋಲ್ಟಿನ ಲೆಕ್ಕ ಒಳಗೆ ರೆಸಿಸ್ಟರ್ ಇರುವ ಸೆನ್ಸರುಗಳಿಗೆ ಮಾತ್ರ ಅನ್ವಯಿಸುತ್ತದೆ. ಹಲವು ಗಾಡಿಗಳ ಎರಡು ವೈರಿನ ಸೆನ್ಸರುಗಳಲ್ಲಿ ರೆಸಿಸ್ಟರ್ ಇರುವುದಿಲ್ಲ, ಮೀಟರ್ 1 ಮೆಗಾ ಓಮ್‌ಗಿಂತ ಹೆಚ್ಚು ತೋರಿಸಿದರೆ ಅದು ತುಂಡಾಗಿದೆ ಎಂದಲ್ಲ, ಅದರ ಸಹಜ ಸ್ಥಿತಿಯೇ ಅದು. ಅಂಥವುಗಳಿಗೆ ಮೀಟರನ್ನು ಎಸಿ ಮಿಲಿವೋಲ್ಟಿಗೆ ಇಟ್ಟು, ಇಲ್ಲವೇ ಸ್ಕೋಪ್ (ವೋಲ್ಟೇಜಿನ ಅಲೆಯನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಹಾಕಿ, ಸೆನ್ಸರಿನ ಪಕ್ಕದ ಬ್ಲಾಕನ್ನು ಸಣ್ಣ ಸ್ಪ್ಯಾನರಿನಿಂದ ತಟ್ಟಿ ವೋಲ್ಟೇಜ್ ಏಳುತ್ತದೆಯೇ ಎಂದು ನೋಡುತ್ತೇನೆ. ಸೆನ್ಸರಿನ ಮೇಲೆಯೇ ತಟ್ಟುವುದಿಲ್ಲ.