4ಎಸ್ ಮೊದಲು ತುಂಬುತ್ತದೆ, ಮೊದಲು ಖಾಲಿಯೂ ಆಗುತ್ತದೆ

ಚಿತ್ರದುರ್ಗದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಪರಮಾಣುವಿನ ಕವಚಗಳಲ್ಲಿ ಎಲೆಕ್ಟ್ರಾನ್‌ಗಳು ತುಂಬುವ 2, 8, 8, 2 ಲೆಕ್ಕ ಹೈಸ್ಕೂಲಿನಿಂದ ಬರುವಾಗಲೇ ಎಲ್ಲರಿಗೂ ಬಾಯಿಪಾಠ. ಕ್ಯಾಲ್ಸಿಯಂವರೆಗೆ ಅದು ನಡೆಯುತ್ತದೆ, ತೊಡಕು ಶುರುವಾಗುವುದು ಅದರಾಚೆ. ಹಾಗಾಗಿ ಕವಚದೊಳಗಿನ ಉಪಕವಚಗಳಲ್ಲಿ ಎಸ್, ಪಿ ಭಾಗವನ್ನು ಬೇಗ ಮುಗಿಸಿ, ಡಿ ಉಪಕವಚ ಬರುವ ಮ್ಯಾಂಗನೀಸ್, ಕಬ್ಬಿಣ, ತಾಮ್ರಕ್ಕೆ ಹೆಚ್ಚು ಸಮಯ ಕೊಡುತ್ತೇನೆ. ಮೂರೂ ನಮ್ಮ ಜಿಲ್ಲೆಯ ನೆಲದಲ್ಲಿರುವ ಲೋಹಗಳು. ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇತ್ತು. ಭೀಮಸಮುದ್ರದ ಕಡೆಯ ಮಕ್ಕಳಿಗೆ ಅದಿರಿನ ಲಾರಿ ಹೊಸದೇನಲ್ಲ.

ಸೂತ್ರ ಬರೆಯುವ ಮೊದಲು ಚೌಕ ಹಾಕಿಸುತ್ತೇನೆ. ಉಪಕವಚದೊಳಗೆ ಎಲೆಕ್ಟ್ರಾನ್ ಇರುವ ಜಾಗವೇ ಆರ್ಬಿಟಲ್. ಒಂದು ಆರ್ಬಿಟಲ್‌ಗೆ ಒಂದು ಚೌಕ, ಒಂದು ಎಲೆಕ್ಟ್ರಾನ್‌ಗೆ ಒಂದು ಬಾಣ. ಚೌಕದಲ್ಲಿ ಹೆಚ್ಚೆಂದರೆ ಎರಡು ಬಾಣ, ಅವೂ ವಿರುದ್ಧ ದಿಕ್ಕಿನವು: ಇದು ಪೌಲಿ ನಿಯಮ. ಒಂದೇ ಶಕ್ತಿಯ ಚೌಕಗಳಿದ್ದರೆ ಮೊದಲು ಎಲ್ಲಕ್ಕೂ ಒಂದೊಂದು, ಆಮೇಲೆ ಜೋಡಿ: ಇದು ಹುಂಡ್ ನಿಯಮ. ಮ್ಯಾಂಗನೀಸ್‌ನ 25 ಎಲೆಕ್ಟ್ರಾನ್‌ಗಳಲ್ಲಿ ಆರ್ಗಾನ್‌ನಂತೆಯೇ ಒಳಗೆ ತುಂಬಿರುವ 18 ಕಳೆದರೆ ಉಳಿಯುವುದು ಏಳು. ಅವು ಮೂರನೆಯ ಕವಚದ ಡಿ, ನಾಲ್ಕನೆಯದರ ಎಸ್‌ಗೆ ಹೋಗುತ್ತವೆ.

3ಡಿ [↑][↑][↑][↑][↑]  4ಎಸ್ [↑↓]

ಕಬ್ಬಿಣಕ್ಕೆ ಇನ್ನೊಂದು ಬಾಣ ಸೇರಿ ಡಿಯ ಮೊದಲ ಚೌಕ ಜೋಡಿಯಾಗುತ್ತದೆ. ತಾಮ್ರ ಮಾತ್ರ 3ಡಿ¹⁰ 4ಎಸ್¹ (ಮೇಲಿನ ಅಂಕಿ ಎಲೆಕ್ಟ್ರಾನ್‌ಗಳ ಸಂಖ್ಯೆ). ‘ಪೂರ್ತಿ ತುಂಬಿದ್ದಕ್ಕೆ ಹೆಚ್ಚು ಸ್ಥಿರತೆ’ ಎಂದು ಬರೆದರೆ ಅಂಕ ಸಿಗುತ್ತದೆ, ಆದರೆ ನಾನು ಅಲ್ಲಿಗೇ ಬಿಡುವುದಿಲ್ಲ. ಅರ್ಧ ತುಂಬಿದ್ದೂ ಸ್ಥಿರ ಅನ್ನುತ್ತೇವಲ್ಲ, ಹಾಗಾದರೆ ಕ್ರೋಮಿಯಂ, ಮಾಲಿಬ್ಡಿನಂ ಡಿ⁵ ಎಸ್¹ ಆಗಿರುವಾಗ ಅದೇ ಗುಂಪಿನ ಟಂಗ್‌ಸ್ಟನ್ 5ಡಿ⁴ 6ಎಸ್² ಏಕೆ? ಎರಡು ಮಟ್ಟಗಳ ಶಕ್ತಿ ತೀರ ಹತ್ತಿರವಿದ್ದಾಗ ಇಂಥ ನಿಯಮ ಎಲ್ಲ ಕಡೆ ನಡೆಯದು. ಕೊನೆಗೆ ನಂಬಬೇಕಾದದ್ದು ಪರಮಾಣುವಿನ ರೋಹಿತವನ್ನು, ಅಂದರೆ ಅದು ಸೂಸುವ ಬೆಳಕಿನ ಗೆರೆಗಳನ್ನು.

ನಾನು ಬಹಳ ಒತ್ತಿ ಹೇಳುವುದು ಬರೆಯುವ ಕ್ರಮದ ಬಗ್ಗೆ. ತುಂಬುವಾಗ 4ಎಸ್ ಮೊದಲು, ಬರೆಯುವಾಗ 3ಡಿ ಮೊದಲು. ಹೀಗೆ ಬರೆದರೆ ಹೊರಗಿನ ಕವಚ ಬಲತುದಿಗೆ ಬರುತ್ತದೆ, ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡು ಅಯಾನು ಆಗುವಾಗ ಅದು ಹೋಗುವುದೂ ಅಲ್ಲಿಂದಲೇ. ಕಬ್ಬಿಣದ 2+ ಅಯಾನು 3ಡಿ⁶, ಖಂಡಿತ 3ಡಿ⁴ 4ಎಸ್² ಅಲ್ಲ.

‘ಕೊನೆಗೆ ಬಂದದ್ದು ಮೊದಲು ಹೋಗಬೇಕಲ್ವಾ ಸಾರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಸತುವಿನಿಂದ ಉತ್ತರ ಕೊಡಿಸುತ್ತೇನೆ. ಸತು 3ಡಿ¹⁰ 4ಎಸ್². ಡಿಯಿಂದ ಎರಡು ತೆಗೆದರೆ 3ಡಿ⁸: ಎರಡು ಒಂಟಿ ಬಾಣ ಉಳಿಯುತ್ತವೆ, ಒಂಟಿ ಎಲೆಕ್ಟ್ರಾನ್ ಇರುವುದರಿಂದ ಅಯಸ್ಕಾಂತ ಸೆಳೆಯಬೇಕು. ಎಸ್‌ನಿಂದ ತೆಗೆದರೆ ಒಂಟಿ ಬಾಣವೇ ಇಲ್ಲ, ಸೆಳೆಯಬಾರದು. ಜಿಂಕ್ ಸಲ್ಫೇಟನ್ನು ಪುಟ್ಟ ಪ್ಲಾಸ್ಟಿಕ್ ಕೊಳವೆಗೆ ತುಂಬಿ ದಾರದಲ್ಲಿ ಅಡ್ಡಲಾಗಿ ತೂಗುಹಾಕಿ, ಹಳೆಯ ಹಾರ್ಡ್‌ಡಿಸ್ಕಿನಿಂದ ಬಿಚ್ಚಿದ ನಿಯೋಡಿಮಿಯಂ ಅಯಸ್ಕಾಂತವನ್ನು ತುದಿಯ ಹತ್ತಿರ ಹಿಡಿಯುತ್ತೇವೆ. ಕೊಳವೆ ಅದರ ಕಡೆ ಬರುವುದಿಲ್ಲ. ಅದೇ ಜಾಗದಲ್ಲಿ ಮ್ಯಾಂಗನೀಸ್ ಸಲ್ಫೇಟ್ ತೂಗುಹಾಕಿದರೆ ನಿಧಾನವಾಗಿ ತಿರುಗಿ ಅಯಸ್ಕಾಂತದತ್ತ ಬರುತ್ತದೆ. ಅದರ 2+ ಅಯಾನಿನಲ್ಲಿ ಐದು ಒಂಟಿ ಬಾಣಗಳಿವೆ. ಖಾಲಿ ಕೊಳವೆಯನ್ನೂ ಹೀಗೆಯೇ ಪರೀಕ್ಷಿಸಿಕೊಳ್ಳಬೇಕು.

ಕಾಪರ್ ಸಲ್ಫೇಟ್‌ಗೆ ಮಾತ್ರ ತಾಳ್ಮೆ ಬೇಕು. ಅಲ್ಲಿರುವುದು ಒಂದೇ ಒಂಟಿ ಎಲೆಕ್ಟ್ರಾನ್. ಒಂಟಿ ಎಲೆಕ್ಟ್ರಾನ್‌ಗಳ ಸಂಖ್ಯೆ ಎನ್ ಆದರೆ ಸೆಳೆತ ಎನ್(ಎನ್+2)ರಂತೆ ಬದಲಾಗುವುದರಿಂದ ಮ್ಯಾಂಗನೀಸ್‌ಗೆ 35 ಇದ್ದರೆ ತಾಮ್ರಕ್ಕೆ ಬರೀ 3. ಅದಕ್ಕೆ ತೆಳುವಾದ ದಾರ ಹಾಕಿ, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ. ದುರ್ಗದ ಗಾಳಿಗೆ ಕೊಳವೆ ಸುಮ್ಮನೆ ತಿರುಗುತ್ತಿರುತ್ತದೆ.