ಎಂಟ್ನೂರರ ಹೊಟ್ಟೆಗೆ ಮೆತ್ತಿದ ಮಣ್ಣು

ನಮ್ಮ ಮನೆಯ ಮಾರುತಿ 800 1997ರ ಗಾಡಿ. ತೀರ್ಥಹಳ್ಳಿ ಕಡೆಯ ತೋಟದ ರಸ್ತೆಯಲ್ಲೇ ಅದರ ಅರ್ಧ ಆಯಸ್ಸು ಸವೆದಿದೆ. ಮೇಲೆ ತೊಳೆದು ಒರೆಸಿದ್ದು ಬಿಟ್ಟರೆ ಅಡಿಗೆ ಯಾರೂ ಬಗ್ಗಿ ನೋಡಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನಾನು ಬಗ್ಗಿದೆ. ಮುಂದಿನ ಚಕ್ರದ ಹಿಂದೆ ಹುತ್ತದ ಹಾಗೆ ಮಣ್ಣು ಕಟ್ಟಿತ್ತು.

ಮೊದಲು ವಾಟರ್ ಸರ್ವಿಸ್‌ಗೆ ಒಯ್ದೆ. ಮೇಲಿನ ಮಣ್ಣು ಹೋಯಿತು, ಇಂಜಿನ್ ಅಡಿಯ ಕಪ್ಪು ಜಿಡ್ಡು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಲ್ಲಿರುವ ಕೊಳೆ ಎರಡು ಜಾತಿ. ಬರೀ ಮಣ್ಣಾದರೆ ನೀರಲ್ಲಿ ನೆನೆಯುತ್ತದೆ. ಸೋರಿದ ಆಯಿಲ್‌ಗೆ ಧೂಳು ಕೂತು, ಬಿಸಿಗೆ ಬೆಂದದ್ದು ನೀರಿಗೆ ಜಗ್ಗೋದಿಲ್ಲ.

ಗಾಡಿಯ ಮುಂಭಾಗ ಎತ್ತಿ ಎರಡು ಕಬ್ಬಿಣದ ಸ್ಟ್ಯಾಂಡ್ ಕೊಟ್ಟೆ. ಹಿಂದಿನ ಚಕ್ರಗಳಿಗೆ ಕಲ್ಲು ಒಡ್ಡಿದೆ, ಬ್ಯಾಟರಿ ವೈರ್ ಬಿಚ್ಚಿಟ್ಟೆ. ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೇ ಅಡಿಗೆ ಮಲಗಿದ್ದು. ಜಾಕಿ ಒಂದನ್ನೇ ನಂಬಿ ದಯವಿಟ್ಟು ಹೋಗಬೇಡಿ. ಕಣ್ಣಿಗೆ ಕನ್ನಡಕ ಇರಲಿ. ಮೊದಲ ದಿನ ನಾನು ಹಾಕಿರಲಿಲ್ಲ, ಸಂಜೆವರೆಗೂ ಕಣ್ಣು ಉಜ್ಜಿಕೊಂಡೆ.

ಮಣ್ಣಿಗೆ ಒದ್ದೆ ಗೋಣಿಚೀಲ ತುರುಕಿ ಒಂದು ತಾಸು ಬಿಟ್ಟೆ. ಆಮೇಲೆ ಹೆಂಟೆ ಹೆಂಟೆಯಾಗಿ ಬಿತ್ತು. ಒಂದು ಹೆಂಟೆ ಮುರಿದು ನೋಡಿದರೆ ಒಳಗೆ ಪದರ ಪದರ: ಕೆಂಪು, ಬೂದಿ, ಮತ್ತೆ ಕೆಂಪು. ನಡುವೆ ಅಡಿಕೆ ಸಿಪ್ಪೆಯ ನಾರು ಬೇರೆ! ಎಷ್ಟು ಮಳೆಗಾಲದ್ದೋ ಏನೋ.

ಜಿಡ್ಡಿಗೆ ಡೀಸೆಲ್. ಪೆಟ್ರೋಲ್ ಮಾತ್ರ ಬೇಡ, ಬೆಂಕಿಯ ಜೊತೆ ಆಟ ಅದು. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬ್ರೇಕ್ ಹೋಸ್, ಕೀಲುಗಳಿಗೆ ಹೊದಿಸಿದ ರಬ್ಬರ್ ಬೂಟ್‌ಗಳಿಗೆ ಪ್ಲಾಸ್ಟಿಕ್ ಕಟ್ಟಿ, ಹಳೆ ಪೇಂಟ್ ಬ್ರಷ್‌ನಲ್ಲಿ ಸವರಿ ಅರ್ಧ ಗಂಟೆ ಸುಮ್ನೆ ಕೂತೆ. ಕೆಳಗೆ ತಗಡಿನ ತಟ್ಟೆ, ಅದರಲ್ಲಿ ಮರದ ಹೊಟ್ಟು. ಕೆರೆಯಲು ಸ್ಕ್ರೂಡ್ರೈವರ್‌ಗಿಂತ ಅಡಿಕೆ ಮರ ಸೀಳಿದ ದಬ್ಬೆಯ ತುಂಡು ವಾಸಿ. ಅಂಚು ಚೂಪಾಗಿ ಕೆತ್ತಿಕೊಂಡರೆ ಜಿಡ್ಡು ಹಲ್ವದಂತೆ ಏಳುತ್ತದೆ, ತಗಡಿಗೆ ಗೀರು ಬೀಳೋದಿಲ್ಲ. ಕೊನೆಗೆ ಸೋಪಿನ ಪುಡಿ ಹಾಕಿದ ನೀರಲ್ಲಿ ತೊಳೆದೆ.

ಎಡವಿದ್ದು ಒಂದು ಕಡೆ. ಚಕ್ರದ ಕಮಾನಿನೊಳಗೆ ರಬ್ಬರಿನಂಥ ಗಟ್ಟಿ ಪದರ ಸಿಕ್ಕಿತು. ಇದೂ ಕೊಳೆಯೇ ಅಂತ ಹಟಕ್ಕೆ ಬಿದ್ದು ಪುಟ್ಟಿ ಬಳಿಯುವ ಬ್ಲೇಡ್‌ನಲ್ಲಿ ಅಂಗೈಯಗಲ ಎಬ್ಬಿಸಿದೆ. ಕೆಳಗೆ ಹೊಳೆಯುವ ತಗಡು ಕಂಡಾಗ ಗೊತ್ತಾಯಿತು, ಅದು ತುಕ್ಕು ಹಿಡಿಯದಿರಲೆಂದು ಬಳಿದಿದ್ದ ಅಂಡರ್‌ಕೋಟ್! ಅಷ್ಟು ಜಾಗಕ್ಕೆ ರೆಡ್ ಆಕ್ಸೈಡ್ ಹೊಡೆದು, ಒಣಗಿಸಿ, ಹೊಸ ಕೋಟ್ ಬಳಿಯುವುದಕ್ಕೆ ಒಂದು ಭಾನುವಾರ ಹೋಯಿತು. ಜಿಡ್ಡಿನ ಕೊಳೆಯಾದರೆ ಡೀಸೆಲ್‌ಗೆ ಬ್ರಷ್ ಕಪ್ಪಾಗುತ್ತದೆ. ಇಲ್ಲಿ ಕಪ್ಪಾಗಿರಲಿಲ್ಲ, ನಾನು ನೋಡಲಿಲ್ಲ ಅಷ್ಟೆ.

ಬಾಗಿಲ ಕೆಳಗಿನ ಪಟ್ಟಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಎಲ್ಲ ಮುಚ್ಚಿಹೋಗಿದ್ದವು. ಸೈಕಲ್ ಕಡ್ಡಿಯಲ್ಲಿ ಚುಚ್ಚಿದೆ. ಡ್ರೈವರ್ ಕಡೆ ಅರ್ಧ ಲೋಟ ಕೆಂಪು ನೀರು ಇಳಿಯಿತು. ಹಿಂದೆಯೇ ತುಕ್ಕಿನ ಚೂರು. ಬೆರಳಲ್ಲಿ ಒತ್ತಿದರೆ ತಗಡು ಹಪ್ಪಳದ ಹಾಗೆ ಒಳಗೆ ಹೋಯಿತು. ಗಾಡಿ ಈಗ ಟಿಂಕರಿಂಗ್ ಶೆಡ್‌ನಲ್ಲಿದೆ.